ಹಾಜರಿ ಪುಸ್ತಕದಲ್ಲಿ ಞ

ಒಂದನೇ ಕ್ಲಾಸಿನಲ್ಲಿ ತಿದ್ದಿ ತಿದ್ದಿ ಬಿಟ್ಟ ಅಕ್ಷರ,
ಆಮೇಲೆ ನಲವತ್ತೈದು ವರ್ಷ
ಒಮ್ಮೆಯೂ ಅದಕ್ಕೆ ಕೆಲಸ ಕೊಟ್ಟವಳಲ್ಲ ನಾನು.
ಸೋಮವಾರ ಬೈಕಂಪಾಡಿಯ ಗೇರುಬೀಜದ ಫ್ಯಾಕ್ಟರಿಯಲ್ಲಿ
ಹೆಸರು ಕೇಳಿದೆ. ಹೇಳಿದಳು. ಇನ್ನೊಮ್ಮೆ ಕೇಳಿದೆ.
ಕೊನೆಗೆ ಬರೆದೆ: ಞಿಮಾ ಸನ್ಹಾ.
ಊರು ಗಿನಿ-ಬಿಸಾವು. ವಯಸ್ಸು ಇಪ್ಪತ್ತೇಳು.
ಕಸುಬು ಎಂಬಲ್ಲಿ ಆಫೀಸಿನ ಹುಡುಗ 'ನಾಯಕಿ' ಅಂತ ಬರೆಸಿದ.
ನಾವು ನಕ್ಕೆವು.
ನಾಯಕಿಯ ಚಪ್ಪಲಿಯ ಬಾರಿಗೆ ಸೇಫ್ಟಿ ಪಿನ್ನು.

ಕಲಿಯಲು ಬಂದವಳು, ಹದಿನೈದು ದಿನಕ್ಕೆ.
ಬೂದಿ ಮೆತ್ತಿಕೋ ಅಂತ ಹೇಳಿಕೊಡಬೇಕಾಗಲಿಲ್ಲ;
ಅಂಗೈ ತೋರಿಸಿದಳು, ಗೇರೆಣ್ಣೆ ತಿಂದ ಅದೇ ಕಪ್ಪು,
ಹೆಬ್ಬೆರಳಿನ ಅದೇ ಜಾಗದಲ್ಲಿ ಚರ್ಮವಿಲ್ಲ.
ಗೋಣಿಯ ಮೇಲಿನ ಮುದ್ರೆ ಓದಿ ಅದರ ಮೇಲೆಯೇ ಕೂತಳು,
ತವರಿನ ಜಗಲಿಯಲ್ಲಿ ಕೂತ ಹಾಗೆ.
ಇಪ್ಪತ್ತೆರಡು ವರ್ಷ ನಾನು ಒಡೆದದ್ದು ಇವಳ ಹಿತ್ತಿಲನ್ನು.

ಸೆವ್ರಿನ್ ಬಾಯಿ ಕಾಜು ಅಂದರೆ ಅವಳೂ ಕಾಜು.
ಸೆವ್ರಿನ್ ಜನೆಲ್ ಅಂದರೆ ಅವಳು ಕಿಟಕಿಯತ್ತ ನೋಡುತ್ತಾಳೆ.
ಎರಡು ಕರಾವಳಿಗೂ ಪರಂಗಿಯವರ ಹಡಗು ಬಂದಿತ್ತಂತೆ;
ಹೇರಿಕೊಂಡು ಹೋದದ್ದರ ಲೆಕ್ಕ ಯಾರಲ್ಲೂ ಇಲ್ಲ,
ಬಿಟ್ಟುಹೋದ ನಾಲ್ಕು ಮಾತು ನಮ್ಮ ಊಟದ ಹೊತ್ತಿಗೆ ಸಾಕಾಯಿತು.
ಮೇಜು. ಸಾಬೂನು. ಚಾವಿ.

ಚಾವಿ ಅಂದಾಗ ಅವಳು ಕತೆ ತೆಗೆದಳು.
ಅರ್ಧ ಸೆವ್ರಿನ್, ಕಾಲು ಭಾಗ ಆಫೀಸಿನ ಹುಡುಗ, ಉಳಿದದ್ದು ಕೈಸನ್ನೆ:
ದನದವರು ಬೇರೆ, ಗೇರು ನೆಟ್ಟವರು ಬೇರೆ.
ಒಂದು ಬೇಸಿಗೆ ದನ ತೋಟಕ್ಕೆ ನುಗ್ಗಿತು, ಯಾರೋ ಕತ್ತಿ ಎತ್ತಿದರು.
ಮೂರು ರಾತ್ರಿ. ಅವಳ ಅಣ್ಣ ಎರಡನೇ ರಾತ್ರಿ.
ಗಂಡಸರು ಮರದಡಿ ಕೂತು ಶಾಂತಿ ಮಾತಾಡಿದರು, ಎದ್ದು ಹೋದರು,
ಮತ್ತೆ ಕೂತರು. ಹೆಂಗಸರನ್ನು ನೀರು ತರಲು ಕರೆದರು.
ನೀರು ತಂದವಳು ಕೊಡ ಇಳಿಸಿ
ಅಲ್ಲೇ ಕೂತುಬಿಟ್ಟಳು.

ನಂತರ ಒಂದು ತಗಡಿನ ಪೆಟ್ಟಿಗೆ. ವಾರಕ್ಕೊಮ್ಮೆ ಚಿಲ್ಲರೆ.
ಮೂರು ಬೀಗ, ಮೂರು ಮನೆಯಲ್ಲಿ ಮೂರು ಚಾವಿ,
ಮೂವರೂ ಬಾರದೆ ಬಾಯಿ ಬಿಡದು ಪೆಟ್ಟಿಗೆ.
ಮೂರನೆಯದನ್ನು ಕೊಟ್ಟದ್ದು ದನದವರ ಕೇರಿಗೆ,
ಕತ್ತಿ ಎತ್ತಿದವನ ತಾಯಿಗೆ.
ನಂಬಿದೆಯಾ, ಅಂತ ಕೇಳಿದೆ.
ನಂಬಿಕೆ ಇದ್ದಿದ್ದರೆ ಬೀಗ ಯಾಕೆ, ಅಂದಳು.

ಇನ್ನೊಂದು ದಿನ ಹೇಳಿದ್ದು ನನಗೆ ಹಿಡಿಸಲಿಲ್ಲ:
ನಮ್ಮ ಬೀಜ ಇನ್ನು ನಾವೇ ಒಡೆಯುತ್ತೇವೆ, ಹಡಗು ಹತ್ತಿಸುವುದಿಲ್ಲ.
ಹಾಗಾದರೆ ಈ ನೂರಿಪ್ಪತ್ತು ಪೆಡಲು, ಈ ಕಾಲುಗಳು?
ತುಂಬಾ ಹೊತ್ತು ಸುಮ್ಮನಿದ್ದಳು.
ಗೊತ್ತಿಲ್ಲ ಎಂಬುದಕ್ಕೆ ಎಲ್ಲ ಭಾಷೆಯಲ್ಲೂ ಒಂದೇ ಹೆಗಲು.
ಅವತ್ತು ನಾನು ಅವಳಿಗೆ ಚಾ ತರಲಿಲ್ಲ.
ಮರುದಿನ ತಂದೆ.

ನಮ್ಮ ಸಂಘದ ಪೆಟ್ಟಿಗೆಗೆ ಚಾವಿ ಒಂದೇ, ನನ್ನ ಸೊಂಟದಲ್ಲಿ.
ಗಲಾಟೆಯ ವಾರ ಕಳೆದ ಮೇಲೆ ಮೈಮೂನ
ಬಾಗಿಲ ಬದಿಯ ಬೆಂಚಿಗೆ ಹೋದಳು.
ಯಾರೂ ಹೋಗು ಅನ್ನಲಿಲ್ಲ. ಯಾರೂ ಬಾ ಅನ್ನಲಿಲ್ಲ.
ಆರು ವರ್ಷ.
ಅವಳ ಬುತ್ತಿಯ ಪತ್ತಿರಿನ ಪರಿಮಳ ಮಾತ್ರ
ಯಾರನ್ನೂ ಕೇಳದೆ ಈಚೆ ಬರುತ್ತಿತ್ತು.

ಞಿಮಾ ಹೋದಳು. ಅಕ್ಷರ ಮತ್ತೆ ಕೆಲಸವಿಲ್ಲದೆ ಕೂತಿತು.
ಸಂಬಳವಾದ ಸಂಜೆ ಸುರತ್ಕಲ್ಲಿನ ಅಂಗಡಿಯಲ್ಲಿ ಎರಡು ಬೀಗ ಕೇಳಿದೆ.
ಪೆಟ್ಟಿಗೆ ಎಷ್ಟುಂಟು, ಅಂದ.
ಒಂದೇ.
ಮುಖ ನೋಡಿದ, ಇಪ್ಪತ್ತು ರೂಪಾಯಿ ಬಿಟ್ಟ.

ಒಂದು ಚಾವಿ ಸೆವ್ರಿನ್ ಬಾಯಿಗೆ. ಸುಲಭ.
ಇನ್ನೊಂದನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲ ಬದಿಗೆ ನಡೆದೆ,
ಹದಿನೆಂಟು ಹೆಜ್ಜೆ.
ಮೈಮೂನ ಪೆಡಲು ನಿಲ್ಲಿಸಲಿಲ್ಲ.
ನನ್ನ ಮನೆಯಲ್ಲಿ ತೂಗುಹಾಕಲು ಮೊಳೆ ಇಲ್ಲ, ಅಂದಳು.
ಬೂದಿಯ ಕೈ ಮಾತ್ರ ಚಾಚಿದಳು, ತೂಕ ನೋಡುವವಳ ಹಾಗೆ.
ನಾಳೆ ಹೇಳ್ತೇನೆ.

ಮೂರು ನಾಳೆ ಆಯಿತು.
ಚಾವಿ ಹಿಂದೆ ಬಂದಿಲ್ಲ.